ಇಳಿವಯಸ್ಸು, ಅರ್ಬುದರೋಗ ಮತ್ತು ಮನೆಯವರ ಮಾತು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಕನ್ನಡ ಶಿಕ್ಷಕನನ್ನು ಮಾತಿಗೆ ಕರೆದರೆ ಆತನು ಪಂಪ-ರನ್ನರನ್ನೋ, ಶರಣರ ವಚನಗಳನ್ನೋ, ದಾಸರ ಪದಗಳನ್ನೋ ಕುರಿತು ಮಾತನಾಡುವದು ವಾಡಿಕೆ. ನಾವೂ ಹಿಂದಿನ ವರ್ಷಗಳಲ್ಲಿ ಹಾಗೆಯೇ ಮಾಡಿದ್ದೇವೆ. ಈ ವರ್ಷ ಮಾತ್ರ ಇಳಿವಯಸ್ಸಿನವರಿಗೆ ಬರುವ ಅರ್ಬುದರೋಗ, ಎಂದರೆ ಕ್ಯಾನ್ಸರ್, ಅದರ ಶಸ್ತ್ರಕ್ರಿಯೆ, ಆ ಹೊತ್ತಿನಲ್ಲಿ ಮನೆಯವರಾದ ನಮ್ಮ ಕರ್ತವ್ಯ, ಇವುಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ನಾವು ವೈದ್ಯರಲ್ಲ. ಔಷಧದ ಮಾತು ವೈದ್ಯರದು. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ವೈದ್ಯರ ಮರಾಠಿಯನ್ನು ಕನ್ನಡಕ್ಕೆ, ತಾಯಿಯ ಕನ್ನಡವನ್ನು ಮರಾಠಿಗೆ ತಿರುಗಿಸಿದವರು ನಾವು. ಆ ತಿರುಗಿಸುವ ಕೆಲಸದಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದವರು. ಆ ತಪ್ಪನ್ನು ಹೇಳಿಕೊಳ್ಳುವದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆವು.

ಮೊದಲು ಶಬ್ದದಿಂದಲೇ ಆರಂಭಿಸೋಣ. ಕ್ಯಾನ್ಸರ್ ಎಂದರೆ ಏಡಿ. ಗ್ರೀಕ ದೇಶದ ಹಿಪ್ಪೊಕ್ರಾಟಿಸನ ಪರಂಪರೆಯ ವೈದ್ಯರು ಈ ರೋಗಕ್ಕೆ ಏಡಿಯ ಹೆಸರನ್ನೇ ಇಟ್ಟರು. ಗಂಟಿನ ಸುತ್ತ ಹಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಾಣುವವೆಂದು ಮುಂದೆ ಗ್ಯಾಲೆನ್ ಎಂಬ ವೈದ್ಯನು ವಿವರಿಸಿದನು. ನಮ್ಮ ಮರಾಠಿ ಬಂಧುಗಳು ಹೇಳುವ ಕರ್ಕರೋಗ ಎಂಬ ಮಾತಿನಲ್ಲಿಯೂ ಅದೇ ಏಡಿ ಇದೆ. ನಮ್ಮ ಸುಶ್ರುತನು ಅರ್ಬುದ ಎಂದನು. ದುಂಡಗೆ, ಕದಲದೆ, ಅಲ್ಪ ನೋವಿನಿಂದ ನಿಧಾನವಾಗಿ ಬೆಳೆಯುವ, ಕೀವಾಗದ ಗಂಟು ಎಂಬದು ಆತನ ಲಕ್ಷಣ. ಅರ್ಬುದದಲ್ಲಿ ಅಲ್ಪಸ್ವಲ್ಪವನ್ನು ಉಳಿಸಿಬಿಟ್ಟರೆ ಅದು ಬೇಗನೆ ಮತ್ತೆ ಬೆಳೆಯುವದೆಂದೂ, ಆದುದರಿಂದ ನಿಶ್ಶೇಷವಾಗಿ ತೆಗೆಯಬೇಕೆಂದೂ ಆತನು ಎಚ್ಚರಿಸಿದ್ದಾನೆ.

ಈ ಎಚ್ಚರಿಕೆಯನ್ನು ನಾವು ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಏಕೆಂದರೆ ನಮ್ಮ ಮನೆಗಳಲ್ಲಿ ಇದರ ವಿರುದ್ಧವಾದ ನಂಬಿಕೆಯೊಂದು ಬೇರೂರಿದೆ. ಗಂಟಿಗೆ ಚಾಕು ಹಚ್ಚಿದರೆ ಅದು ಮೈತುಂಬ ಹರಡುವದು ಎಂಬುವವರು ನಮ್ಮಲ್ಲಿ ಕಡಿಮೆಯಿಲ್ಲ. ರೋಗ ಅದಾಗಲೇ ಹರಡಿದ ಮೇಲೆ ದವಾಖಾನೆಗೆ ಹೋದವರನ್ನು ಕಂಡು ಹುಟ್ಟಿದ ನಂಬಿಕೆ ಇದು. ಇಂದಿನ ಶಸ್ತ್ರವೈದ್ಯರು ಗಂಟನ್ನಷ್ಟೇ ಅಲ್ಲ, ಅದರ ಸುತ್ತಲಿನ ಆರೋಗ್ಯವಂತ ಅಂಗಾಂಶದ ಒಂದು ಅಂಚನ್ನೂ ಸೇರಿಸಿ ತೆಗೆಯುತ್ತಾರೆ. ಹರಡುವದು ಚಾಕುವಿನಿಂದಲ್ಲ, ತಡದಿಂದ.

ಇನ್ನೊಂದು ಮಾತು ಇದಕ್ಕಿಂತ ಬಲವಾದದ್ದು: “ವಯಸ್ಸಾಯಿತು, ಇನ್ನೇಕೆ ಕತ್ತರಿ ಹಚ್ಚುವದು?” ಇದನ್ನು ಆಡುವವರು ಕ್ರೂರಿಗಳಲ್ಲ. ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಈ ಮಾತಿನ ಹಿಂದೆ ನೋವಿನ ಅಂಜಿಕೆಯಿದೆ, ಖರ್ಚಿನ ಅಂಜಿಕೆಯಿದೆ, ಮುದುಕರು ಟೇಬಲಿನ ಮೇಲೆಯೇ ಹೋಗಿಬಿಟ್ಟಾರೆಂಬ ಅಂಜಿಕೆಯಿದೆ. ಮೂರೂ ನಮ್ಮ ಅಂಜಿಕೆಗಳು. ಮುದುಕರನ್ನು ಕೇಳಿ ಪಡೆದವುಗಳಲ್ಲ.

ಚರಿತ್ರೆಯನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುವದು. ೧೮೦೪ರಲ್ಲಿ ಜಪಾನ ದೇಶದ ಹನಾಓಕಾ ಸೈಶೂ ಎಂಬ ವೈದ್ಯನು ದತ್ತೂರಿ, ವತ್ಸನಾಭಿ ಮೊದಲಾದವುಗಳಿಂದ ಮಾಡಿದ ಕಷಾಯವನ್ನು ಕುಡಿಸಿ, ರೋಗಿಗೆ ಅರಿವು ತಪ್ಪಿಸಿ, ಸ್ತನದ ಅರ್ಬುದವನ್ನು ತೆಗೆದನು. ಪಶ್ಚಿಮದಲ್ಲಿ ಈಥರಿನ ಬಹಿರಂಗ ಪ್ರಯೋಗವಾದದ್ದು ೧೮೪೬ರಲ್ಲಿ, ಎಂದರೆ ನಾಲ್ಕು ದಶಕಗಳ ಮೇಲೆ. ಹನಾಓಕಾನ ಆ ರೋಗಿಯ ವಯಸ್ಸೆಷ್ಟು? ಅರವತ್ತು! ಆ ಕಾಲದ ಅರವತ್ತು ಎಂದರೆ ಇಂದಿನ ಎಂಬತ್ತಕ್ಕೆ ಸಮವೆನ್ನಬೇಕು. ಆಕೆ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡಳು. ಆದರೆ ರೋಗ ಮುಂದುವರಿದಿದ್ದುದರಿಂದ ಕೆಲವು ತಿಂಗಳುಗಳಲ್ಲಿ ತೀರಿಕೊಂಡಳು. ವಯಸ್ಸು ಆಕೆಯನ್ನು ಶಸ್ತ್ರದಿಂದ ತಡೆಯಲಿಲ್ಲ, ತಡವೇ ಆಕೆಯನ್ನು ಕೊಂದಿತು.

೧೮೬೭ರಲ್ಲಿ ಲಿಸ್ಟರನು ಗಾಯ ಕೊಳೆಯದಂತೆ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ ಶಸ್ತ್ರಕ್ರಿಯೆಗೆ ಧೈರ್ಯ ಬಂದಿತು. ನಮ್ಮ ಭಾಗಕ್ಕೆ ಆ ಧೈರ್ಯವನ್ನು ತಂದವರು ೧೮೮೯ರಲ್ಲಿ ಭಾರತಕ್ಕೆ ಬಂದ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ಡಾಕ್ಟರರು. ಅವರು ಮಿರಜದಲ್ಲಿ ಕಟ್ಟಿದ ದವಾಖಾನೆಗೆ ನಮ್ಮ ಅಜ್ಜ-ಅಜ್ಜಿಯಂದಿರು ಚಕ್ಕಡಿಯಲ್ಲಿಯೂ ರೇಲ್ವೆಯಲ್ಲಿಯೂ ಹೋಗಿ ಬಂದ ಕತೆಗಳನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಅರ್ಬುದಕ್ಕೆಂದೇ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು ೧೯೪೧ರಲ್ಲಿ. ಇಂದು ಕೊಲ್ಹಾಪುರ, ಮಿರಜ, ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೇ ಈ ರೋಗದ ಶಸ್ತ್ರಕ್ರಿಯೆ ನಡೆಯುತ್ತಿದೆ. ದಾರಿ ಹತ್ತಿರವಾಗಿದೆ. ಮನಸ್ಸು ಮಾತ್ರ ಹತ್ತಿರ ಬಂದಿಲ್ಲ.

ವಯಸ್ಸಾದವರು ಇಂಥ ಶಸ್ತ್ರಕ್ರಿಯೆಯನ್ನು ತಡೆದಾರೆಯೇ ಎಂಬ ಸಂಶಯಕ್ಕೆ ಸರ್ವವಿದಿತವಾದ ಉದಾಹರಣೆಗಳಿವೆ. ಅಮೇರಿಕೆಯ ಅಧ್ಯಕ್ಷ ರೇಗನ್ನರಿಗೆ ೧೯೮೫ರಲ್ಲಿ, ೭೪ನೆಯ ವಯಸ್ಸಿನಲ್ಲಿ, ದೊಡ್ಡ ಕರುಳಿನ ಅರ್ಬುದವನ್ನು ತೆಗೆದರು. ಅವರು ಬದುಕಿದ್ದು ೯೩ ವರ್ಷ. ಅದೇ ದೇಶದ ಮಾಜಿ ಅಧ್ಯಕ್ಷ ಕಾರ್ಟರರಿಗೆ ೨೦೧೫ರಲ್ಲಿ, ೯೦ನೆಯ ವಯಸ್ಸಿನಲ್ಲಿ, ಯಕೃತ್ತಿಗೆ ಹಬ್ಬಿದ ಗಂಟನ್ನು ತೆಗೆದು, ಮುಂದೆ ಕಿರಣಚಿಕಿತ್ಸೆಯನ್ನೂ ಹೊಸ ಔಷಧವನ್ನೂ ಕೊಟ್ಟರು. ಅವರು ನೂರು ತುಂಬಿಸಿ ೨೦೨೪ರಲ್ಲಿ ತೀರಿಕೊಂಡರು. ಅಷ್ಟು ದೂರವೇಕೆ? ನಮ್ಮ ರಾಜ್ಯದ ಹಿರಿಯ ಮುಖಂಡರಾದ ಶ್ರೀ ಶರದ ಪವಾರರಿಗೆ ೨೦೦೪ರಲ್ಲಿ, ೬೩ನೆಯ ವಯಸ್ಸಿನಲ್ಲಿ, ಬಾಯಿಯ ಅರ್ಬುದಕ್ಕೆ ಶಸ್ತ್ರಕ್ರಿಯೆಯಾಯಿತು. ಅನಂತರ ಎರಡು ದಶಕಗಳ ಕಾಲ ಅವರು ಸಭೆಯಿಂದ ಸಭೆಗೆ ತಿರುಗಿದುದನ್ನು ನಾವೆಲ್ಲ ಕಂಡಿದ್ದೇವೆ. ತಮ್ಮ ತಂಬಾಕು-ಗುಟಖಾಗಳ ಚಟವೇ ಇದಕ್ಕೆ ಕಾರಣವೆಂದು ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟಿದ್ದಾರೆ.

ಆದರೆ ಒಂದೇ ಮಗ್ಗುಲನ್ನು ಹೇಳಿದರೆ ಅದು ಸತ್ಯವಾಗಲಾರದು. ರಮಣ ಮಹರ್ಷಿಗಳ ಎಡತೋಳಿನಲ್ಲಿ ಎದ್ದ ಗಂಟಿಗೆ ೧೯೪೯ರಲ್ಲಿ ಮತ್ತೆ ಮತ್ತೆ ಶಸ್ತ್ರಕ್ರಿಯೆಯಾಯಿತು, ಗಂಟು ಮತ್ತೆ ಮತ್ತೆ ಎದ್ದಿತು. ತೋಳನ್ನೇ ತೆಗೆಯಬೇಕೆಂದಾಗ ಅವರು ಒಪ್ಪಲಿಲ್ಲ. ೧೯೫೦ರ ಏಪ್ರಿಲ್ ೧೪ರಂದು, ೭೦ನೆಯ ವಯಸ್ಸಿನಲ್ಲಿ, ದೇಹ ಬಿಟ್ಟರು. ಎಲ್ಲ ಶಸ್ತ್ರಕ್ರಿಯೆಯೂ ಗೆಲ್ಲುವದಿಲ್ಲ. ಬೇಡವೆನ್ನುವ ಅಧಿಕಾರವೂ ರೋಗಿಗೆ ಇದೆ. ಆದರೆ ಗಮನಿಸಿರಿ, ಬೇಡವೆಂದವರು ಸ್ವತಃ ಅವರು.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇವೆ. ನಮ್ಮ ತಾಯಿಯವರು ಗಡಹಿಂಗ್ಲಜದ ಕಡೆಯ ಒಕ್ಕಲುತನದ ಮನೆಯವರು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಮರಾಠಿ ಅವರಿಗೆ ಸಂತೆಯ ಮಟ್ಟಿಗೆ ಬರುತ್ತಿತ್ತು. ನಲವತ್ತು ವರ್ಷ ದಿನಕ್ಕೆರಡು ಸಲ ಮಶೇರಿಯಿಂದ ಹಲ್ಲುಜ್ಜಿದವರು. ನಿಪ್ಪಾಣಿಯ ತಂಬಾಕು ನಮ್ಮ ಭಾಗಕ್ಕೆ ಅನ್ನವನ್ನೂ ಕೊಟ್ಟಿದೆ, ಬೇನೆಯನ್ನೂ ಕೊಟ್ಟಿದೆ. ಅವರ ೭೪ನೆಯ ವಯಸ್ಸಿನಲ್ಲಿ ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಐದು ತಿಂಗಳು ಅವರು ಯಾರಿಗೂ ಹೇಳಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣತೊಡಗಿದಾಗ ನಮ್ಮ ಅಕ್ಕನವರು ಕಂಡುಹಿಡಿದರು.

ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ತುಣುಕು ತೆಗೆದು ಪರೀಕ್ಷಿಸಿದರು. ಅದೇ ರೋಗ. ಅಣ್ಣನವರೂ ನಾವೂ ಹೊರಗಿನ ಬಾಕಿನ ಮೇಲೆ ಕುಳಿತು, “ಎಪ್ಪತ್ತು ದಾಟಿದೆ, ಬೇಡ” ಎಂದು ನಿಶ್ಚಯಿಸಿಬಿಟ್ಟೆವು. ಒಳಗೆ ಡಾಕ್ಟರರು ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿ, ಅಜ್ಜಿಯವರ ಅಭಿಪ್ರಾಯವೇನೆಂದು ನಮ್ಮನ್ನು ಕೇಳಿದರು. ನಾವು ತಾಯಿಯವರತ್ತ ತಿರುಗದೆಯೇ ಅವರ ಪರವಾಗಿ “ನಕೋ” ಎಂದು ಉತ್ತರಿಸಿದೆವು.

ಆ ಒಂದು ಶಬ್ದ ತಾಯಿಯವರಿಗೆ ತಿಳಿಯಿತು. ಸಂತೆಯಲ್ಲಿ ನೂರು ಸಲ ಕೇಳಿದ ಶಬ್ದವದು. ಅವರು ನಮ್ಮ ತೋಳು ಹಿಡಿದು, “ನಾ ಯಾವಾಗ ಬ್ಯಾಡ ಅಂದೆ, ತಮ್ಮಾ? ನನ್ನ ಕೇಳಿದಿ ಏನು?” ಎಂದರು. ಸ್ವಲ್ಪ ತಡೆದು, “ಬಾಯಿ ನಂದು, ಜಡ್ಡ ನಂದು. ನನಗ ತಿಳಿಯೂ ಹಂಗ ಹೇಳು” ಎಂದರು.

ಬಂಧುಗಳೇ, ಇಪ್ಪತ್ತು ವರ್ಷ ಮಕ್ಕಳಿಗೆ ಭಾಷಾಂತರದ ಪಾಠ ಹೇಳಿದವರು ನಾವು. ಮೂಲದಲ್ಲಿ ಇಲ್ಲದುದನ್ನು ಸೇರಿಸಬಾರದೆಂದು, ಇದ್ದುದನ್ನು ಬಿಡಬಾರದೆಂದು ಕೆಂಪು ಮಸಿಯಿಂದ ತಿದ್ದಿದವರು. ಹೆತ್ತ ತಾಯಿಯ ಜೀವದ ಪ್ರಶ್ನೆ ಬಂದಾಗ ಮೂಲವನ್ನು ಓದದೆಯೇ ಭಾಷಾಂತರ ಬರೆದೆವು!

ಡಾಕ್ಟರರು ವಿವೇಕಿಗಳು. ನಮ್ಮನ್ನು ಹಂಗಿಸದೆ ಕುರ್ಚಿಯನ್ನು ತಾಯಿಯವರ ಎದುರಿಗೆ ಎಳೆದುಕೊಂಡು ಕುಳಿತು, ಒಂದೊಂದೇ ವಾಕ್ಯವನ್ನು ನಮ್ಮಿಂದ ಕನ್ನಡದಲ್ಲಿ ಹೇಳಿಸಿದರು. ಅನಂತರ, ವಯಸ್ಸಿನ ಅಂಕೆಯನ್ನು ನೋಡಿ ತೀರ್ಮಾನಿಸುವದಿಲ್ಲ, ಶಕ್ತಿಯನ್ನು ನೋಡಿ ತೀರ್ಮಾನಿಸುತ್ತೇವೆ ಎಂದರು. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹೇಳಿ ಗಡಿಯಾರ ನೋಡಿದರು. ಕಳೆದ ತಿಂಗಳುಗಳಲ್ಲಿ ತೂಕ ಎಷ್ಟು ಇಳಿಯಿತು, ಬಿದ್ದಿದ್ದರೇ, ಸ್ನಾನ-ಊಟಗಳನ್ನು ತಾವೇ ಮಾಡಿಕೊಳ್ಳುವರೇ, ಯಾವ ಯಾವ ಗುಳಿಗೆ ನುಂಗುತ್ತಾರೆ, ಎಲ್ಲವನ್ನೂ ಕೇಳಿದರು. ಹೃದಯ, ಪುಪ್ಪುಸ, ಮೂತ್ರಪಿಂಡಗಳ ಪರೀಕ್ಷೆಗೆ ಬರೆದುಕೊಟ್ಟರು.

ಕೊನೆಗೆ ಸ್ಮರಣಶಕ್ತಿಯ ಪರೀಕ್ಷೆ. ಮೂರು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳುವದು, ನಡುವೆ ಗಡಿಯಾರದ ಚಿತ್ರ ಬರೆಯಿಸುವದು. ಸಹಾಯಕರೊಬ್ಬರು ಮೂರು ಮರಾಠಿ ಶಬ್ದಗಳನ್ನು ಬೇಗ ಬೇಗ ಹೇಳಿದರು. ತಾಯಿಯವರು ಒಂದನ್ನು ಮಾತ್ರ ತಿರುಗಿ ಹೇಳಿದರು. ನೆನಪಿನ ಶಕ್ತಿ ಕುಂದಿದೆಯೆಂದು ಕಾಗದದ ಮೇಲೆ ಬರೆಯುವದರಲ್ಲಿದ್ದರು. ನಾವು ತಡೆದು, ಕನ್ನಡದಲ್ಲಿ ಕೇಳಲು ಅಪ್ಪಣೆ ಬೇಡಿದೆವು. ಹೊಲ, ಬಾವಿ, ಕಂದೀಲು ಎಂದೆವು. ಅವರು ಗಡಿಯಾರವನ್ನು ಕನ್ನಡ ಅಂಕೆಗಳಲ್ಲಿ ಚೆನ್ನಾಗಿ ಬರೆದು, ಮೂರೂ ಶಬ್ದಗಳನ್ನು ತಪ್ಪದೆ ಹೇಳಿ, “ಹೊಲಕ್ಕ ಬಾವಿ ಬೇಕು ಖರೆ, ಕಂದೀಲ ಯಾಕ ಬೇಕೋ?” ಎಂದು ಕೇಳಿದರು. ಡಾಕ್ಟರರು ಅರ್ಥ ತಿಳಿದು ನಕ್ಕರು. ಭಾಷೆಯೊಂದರ ದೆಸೆಯಿಂದ ಬುದ್ಧಿವಂತೆಯೊಬ್ಬರು ಮರೆಗುಳಿಯೆಂದು ದಾಖಲಾಗುವದು ತಪ್ಪಿತು. ಗಡಿನಾಡಿನಲ್ಲಿ ತಾಯ್ನುಡಿಯ ಬೆಲೆ ಏನೆಂದು ಕೇಳುವವರಿಗೆ ನಾವು ಇನ್ನುಮುಂದೆ ಈ ಸಂಗತಿಯನ್ನೇ ಹೇಳುವೆವು.

ತಾಯಿಯವರು ಎಲ್ಲವನ್ನೂ ಕೇಳಿದರು. ಕೆನ್ನೆಯ ಆ ಭಾಗ ಹೋಗುವದು, ಎದೆಯ ಮೇಲಿನ ಮಾಂಸ-ಚರ್ಮವನ್ನು ತಿರುಗಿಸಿ ಅಲ್ಲಿ ಹೊಲಿಯುವರು, ಮುಖ ಓರೆಯಾಗಬಹುದು, ಎರಡು ವಾರ ಮೂಗಿನ ನಳಿಗೆಯಿಂದಲೇ ಆಹಾರ, ಆಮೇಲೆ ಆರು ವಾರ ಕಿರಣಚಿಕಿತ್ಸೆ, ಇವನ್ನೆಲ್ಲ ಮುಚ್ಚದೆ ಹೇಳಿದೆವು. ಕತ್ತಿನ ಗಂಟುಗಳನ್ನು ಈಗಲೇ ಏಕೆ ತೆಗೆಯಬೇಕೆಂದು ನಾವು ಡಾಕ್ಟರರನ್ನು ಕೇಳಿದಾಗ, ರೋಗ ಕತ್ತಿಗೆ ಇಳಿದುದು ಮೊದಮೊದಲು ಕೈಗೂ ಕಣ್ಣಿಗೂ ಸಿಗುವದಿಲ್ಲವೆಂದರು. ಟಾಟಾ ಆಸ್ಪತ್ರೆಯ ವೈದ್ಯರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದ ಹಂತದ ಬಾಯಿಯ ಅರ್ಬುದಕ್ಕೆ ಮೊದಲ ಶಸ್ತ್ರಕ್ರಿಯೆಯಲ್ಲಿಯೇ ಕತ್ತಿನ ಗಂಟುಗಳನ್ನೂ ತೆಗೆದವರಲ್ಲಿ ಮೂರು ವರ್ಷಗಳ ಮೇಲೆ ಶೇಕಡಾ ೮೦ ಜನ ಬದುಕಿದ್ದರು. ರೋಗ ಮರಳಿದಾಗ ತೆಗೆದರಾಯಿತೆಂದು ಕಾಯ್ದವರಲ್ಲಿ ಶೇಕಡಾ ೬೭.೫ ಮಾತ್ರ. ಎಲ್ಲ ಕೇಳಿ ತಾಯಿಯವರೆಂದರು: “ಉಣ್ಣಾಕ, ಮಾತಾಡಾಕ ಬಂದ್ರ ಸಾಕು. ಮಾರಿ ಹ್ಯಾಂಗಿದ್ರ ಏನು, ಈ ವಯಸ್ಸಿನಾಗ ಯಾರು ನೋಡತಾರ? ಮಾಡಿಸಿಬಿಡು.”

ಶಸ್ತ್ರಕ್ರಿಯೆಗೆ ಮುನ್ನ ಮೂರು ವಾರಗಳ ಸಿದ್ಧತೆ ನಡೆಯಿತು. ಮಶೇರಿ ಸಂಪೂರ್ಣ ನಿಂತಿತು. ಬೆಳಿಗ್ಗೆ-ಸಂಜೆ ನಡಿಗೆ, ದೀರ್ಘ ಉಸಿರಾಟದ ಅಭ್ಯಾಸ, ಹಾಲು, ತತ್ತಿ, ಕುದಿಸಿದ ಬೇಳೆ. ಇಳಿವಯಸ್ಸಿನವರ ದೇಹದಲ್ಲಿ ಶಕ್ತಿಯ ಉಳಿತಾಯ ಕಡಿಮೆ. ಶಸ್ತ್ರಕ್ರಿಯೆಯೆಂಬ ದೊಡ್ಡ ಖರ್ಚಿಗೆ ಮುಂಚೆ ಆ ಗಂಟನ್ನು ತುಂಬಿಸಬೇಕೆಂಬದೇ ಇದರ ತತ್ತ್ವ.

ಶಸ್ತ್ರಕ್ರಿಯೆ ಆರು ಗಂಟೆ ನಡೆದು ನಿರ್ವಿಘ್ನವಾಗಿ ಮುಗಿಯಿತು. ಗಂಡಾಂತರ ಬಂದದ್ದು ಎರಡನೆಯ ರಾತ್ರಿ. ತಾಯಿಯವರಿಗೆ ಸನ್ನಿ ಹಿಡಿಯಿತು. ವಯಸ್ಸಾದವರಲ್ಲಿ ದೊಡ್ಡ ಶಸ್ತ್ರಕ್ರಿಯೆಯ ಮೇಲೆ ಇದು ಅಪರೂಪವಲ್ಲ. ಅವರು ಹಾಸಿಗೆಯಿಂದ ಏಳಲು ಹವಣಿಸುತ್ತ, ಮೂಗಿನ ನಳಿಗೆಯನ್ನು ಕೀಳಲು ಕೈ ಎತ್ತುತ್ತ, ಹೊಲಿದ ಬಾಯಿಯಲ್ಲಿ ಏನನ್ನೋ ಕೂಗುತ್ತಿದ್ದರು. ನರ್ಸಬಾಯಿಗೆ ಕನ್ನಡ ಬಾರದು. ನೋವೆಂದು ತಿಳಿದು ಅವರು ನಮ್ಮನ್ನು ಹೊರಗಿನಿಂದ ಕರೆಸಿದರು. ತಾಯಿಯವರು ಹೇಳುತ್ತಿದ್ದುದು ಇಷ್ಟೇ: “ದನಾ ಬಿಚ್ಯಾವ, ಕಟ್ಟರೋ!” ನಾವು ಕಿವಿಯ ಹತ್ತಿರ ಬಗ್ಗಿ, “ಅವ್ವಾ, ದನಾ ಕಟ್ಟೇನಿ. ಬಾಗಲಾ ಹಾಕೇನಿ. ಮಲಕೋ” ಎಂದೆವು. ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು.

ಮರುದಿನ ಡಾಕ್ಟರರು, ಅವರ ಚಾಳೀಸು ಕೊಡಿರಿ, ಹಗಲು ಕಿಟಕಿಯ ಬೆಳಕು ಬೀಳಲಿ, ಇಂದು ಯಾವ ವಾರವೆಂದು ಹೇಳುತ್ತಿರಿ, ಮನೆಯವರೊಬ್ಬರು ಅವರ ಭಾಷೆಯಲ್ಲಿ ಮಾತನಾಡುತ್ತ ಹತ್ತಿರವಿರಲಿ ಎಂದರು. ಪರಿಚಿತ ಕಂಠ, ಪರಿಚಿತ ನುಡಿ ಇಂಥ ಸಮಯದಲ್ಲಿ ಔಷಧದಷ್ಟೇ ಕೆಲಸ ಮಾಡುವವೆಂದು ಅಂದು ಕಣ್ಣಾರೆ ಕಂಡೆವು. ಮೂರು ದಿನಗಳಲ್ಲಿ ಸನ್ನಿ ತಿಳಿಯಾಯಿತು.

ತಾಯಿಯವರು ಮತ್ತೆ ನಾಲ್ಕು ವರ್ಷ ಎರಡು ತಿಂಗಳು ಬದುಕಿದರು. ಪ-ಕಾರ ಬ-ಕಾರಗಳು ಕೊನೆಯವರೆಗೂ ಸ್ಪಷ್ಟವಾಗಲಿಲ್ಲ. ಗಟ್ಟಿ ರೊಟ್ಟಿ ತಿನ್ನಲಾಗಲಿಲ್ಲ. ಆದರೆ ಮೊಮ್ಮಗಳು ಹತ್ತನೆಯ ಇಯತ್ತೆ ಪಾಸಾದ ದಿನ ತಾವೇ ಸಜ್ಜಕ ಮಾಡಿ ಓಣಿಗೆ ಹಂಚಿದರು. ಕೊನೆಗೆ ಹೃದಯದ ಬೇನೆಯಿಂದ ಮನೆಯಲ್ಲಿಯೇ ತೀರಿಕೊಂಡರು. ನಮ್ಮ “ನಕೋ” ನಡೆದಿದ್ದರೆ ಈ ನಾಲ್ಕು ವರ್ಷಗಳನ್ನು ನಾವು ಅವರಿಂದ ಕಸಿದಂತಾಗುತ್ತಿತ್ತು.

ಇದರ ಇನ್ನೊಂದು ಮಗ್ಗುಲು ಇಚಲಕರಂಜಿಯಲ್ಲಿ ಕಂಡಿತು. ನಮ್ಮ ಪರಿಚಯದ ಮನೆಯ ಹಿರಿಯರೊಬ್ಬರು, ಜೀವನವೆಲ್ಲ ಮಗ್ಗದ ಮುಂದೆ ಕಳೆದವರು, ೮೨ ವರ್ಷದವರು. ಅನ್ನನಾಳದ ಅರ್ಬುದ. ಹೃದಯ ಮೊದಲೇ ದುರ್ಬಲ. ನಾಲ್ಕು ಹೆಜ್ಜೆಗೆ ಉಬ್ಬಸ. ಅವರಿಗೂ ಎಲ್ಲವನ್ನೂ ಕನ್ನಡದಲ್ಲಿ ತಿಳಿಸಿ ಹೇಳಲಾಯಿತು. ಶಸ್ತ್ರಕ್ರಿಯೆ ಬೇಡ, ನೀರು ಗಂಜಿ ಇಳಿದರೆ ಸಾಕು ಎಂದು ಅವರೇ ನಿರ್ಧರಿಸಿದರು. ವೈದ್ಯರೂ ಅದನ್ನೇ ಯೋಗ್ಯವೆಂದರು. ಅನ್ನನಾಳದಲ್ಲಿ ಕೊಳವೆಯನ್ನಿರಿಸಿ, ನೋವಿಗೆ ಔಷಧ ಕೊಟ್ಟರು. ನಾಲ್ಕು ತಿಂಗಳು, ಮಗ್ಗದ ಸದ್ದು ಕೇಳುವ ತಮ್ಮ ಕೋಣೆಯಲ್ಲಿಯೇ ಇದ್ದು ಹೋದರು. ಅದು ಅಲಕ್ಷ್ಯದ ಮರಣವಲ್ಲ. ಅಲ್ಲಿ “ಬೇಡ” ಎಂದದ್ದು ಬಾಕಿನ ಮೇಲೆ ಕುಳಿತ ಮಕ್ಕಳಲ್ಲ. ಎಲ್ಲ ತಿಳಿದ ಮೇಲೆ ಆ ಹಿರಿಯರೇ ಅಂದರು. ನಮ್ಮ ತಾಯಿಯವರ “ಮಾಡಿಸಿಬಿಡು” ಎಂಬದಕ್ಕೆ ಇರುವಷ್ಟೇ ಮರ್ಯಾದೆ ಆ “ಬೇಡ” ಎಂಬದಕ್ಕೂ ಇದೆ.

ಆದುದರಿಂದ ಮನೆಮನೆಯವರಲ್ಲಿ ನಮ್ಮ ಬಿನ್ನಹ ಇಷ್ಟು. ಒಂದನೆಯದಾಗಿ, ಎರಡು ವಾರಕ್ಕೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ನುಂಗಲು ತೊಂದರೆ, ಇವನ್ನು ವಯಸ್ಸಿನ ಸಹಜ ಬೇನೆಯೆಂದು ತಳ್ಳಿಹಾಕದೆ ಕೂಡಲೇ ತೋರಿಸಬೇಕು. ಎರಡನೆಯದಾಗಿ, ವೈದ್ಯರನ್ನು ಈ ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ಶಸ್ತ್ರಕ್ರಿಯೆ ರೋಗವನ್ನು ಗುಣಪಡಿಸಲೋ, ಕಷ್ಟವನ್ನು ಕಡಿಮೆ ಮಾಡಲೋ? ಮಾಡದಿದ್ದರೆ ಏನಾದೀತು? ಮಾಡಿದ ಮೇಲೆ ಇವರು ಮೊದಲಿನಂತೆ ತಾವೇ ಉಂಡು, ನಡೆದಾಡಲು ಎಷ್ಟು ದಿನ ಬೇಕು? ಎಲ್ಲ ಅರ್ಬುದಕ್ಕೂ ಚಾಕುವೇ ಉಪಾಯವಲ್ಲ. ವೃದ್ಧರಲ್ಲಿ ನಿಧಾನವಾಗಿ ಬೆಳೆಯುವ ಕೆಲವು ಪ್ರಾಸ್ಟೇಟ ಗ್ರಂಥಿಯ ಅರ್ಬುದಗಳನ್ನು ಬರಿಯ ನಿಗಾ ಇರಿಸಿ ನೋಡುವದುಂಟು. ಶಸ್ತ್ರಕ್ರಿಯೆಯನ್ನು ತಡೆಯಲಾರದ ವೃದ್ಧೆಯರಿಗೆ ಕೆಲವು ಬಗೆಯ ಸ್ತನದ ಅರ್ಬುದಕ್ಕೆ ಗುಳಿಗೆಗಳನ್ನೇ ಕೊಡುವದುಂಟು. ಮೂರನೆಯದಾಗಿ, ಖರ್ಚಿನ ಅಂಜಿಕೆ. ೨೦೨೪ರ ಅಕ್ಟೋಬರದಿಂದ ಆಯುಷ್ಮಾನ್ ಭಾರತ ಯೋಜನೆಯು ೭೦ ವರ್ಷ ತುಂಬಿದ ಎಲ್ಲರಿಗೂ, ಉತ್ಪನ್ನ ಎಷ್ಟೇ ಇರಲಿ, ಅನ್ವಯಿಸಿದೆ. ವರ್ಷಕ್ಕೆ ಐದು ಲಕ್ಷ ರೂಪಾಯಿಗಳ ವರೆಗಿನ ಚಿಕಿತ್ಸೆಗೆ ಆಧಾರ. ಬೇನೆ ಬರುವದಕ್ಕೆ ಮುಂಚೆಯೇ ಹಿರಿಯರ ಕಾರ್ಡು ಮಾಡಿಸಿ ಇಡಿರಿ.

ಸಂಘಕ್ಕೂ ಒಂದು ಸೂಚನೆ. ನಾವು ಕನ್ನಡ ಫಲಕಗಳಿಗಾಗಿ, ಕನ್ನಡ ಶಾಲೆಗಳಿಗಾಗಿ ಮನವಿ ಬರೆದಿದ್ದೇವೆ. ಅದು ನಡೆಯಲಿ. ಅದರೊಡನೆ, ಎರಡೂ ಭಾಷೆ ಬಲ್ಲ ಹತ್ತು ಜನರ ಹೆಸರಿನ ಒಂದು ಪಟ್ಟಿಯನ್ನು ಮಾಡೋಣ. ಕನ್ನಡದ ಹಿರಿಯ ಜೀವವೊಂದು ದವಾಖಾನೆಯ ಬಾಗಿಲಲ್ಲಿ ನಿಂತಾಗ, ನಮ್ಮವರೊಬ್ಬರು ಪಕ್ಕದಲ್ಲಿ ನಿಂತು, ವೈದ್ಯರ ಮಾತನ್ನು ಹೆಚ್ಚು-ಕಡಿಮೆ ಮಾಡದೆ ಕನ್ನಡದಲ್ಲಿ ಹೇಳಲಿ, ಆ ಜೀವದ ಮಾತನ್ನು ಹೆಚ್ಚು-ಕಡಿಮೆ ಮಾಡದೆ ಮರಾಠಿಯಲ್ಲಿ ತಿಳಿಸಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ನಾಲ್ಕು ತಾಸು ವೇಳೆಯೂ ಪ್ರಾಮಾಣಿಕವಾದ ಒಂದು ನಾಲಿಗೆಯೂ ಇದ್ದರೆ ಸಾಕು. ಪಟ್ಟಿಯ ಮೊದಲನೆಯ ಸಾಲಿನಲ್ಲಿ ನಮ್ಮ ಹೆಸರನ್ನು ಬರೆದುಕೊಳ್ಳಿರೆಂದು ಕಾರ್ಯದರ್ಶಿಗಳಲ್ಲಿ ವಿನಂತಿಸುತ್ತೇವೆ. ಒಮ್ಮೆ ತಪ್ಪಾಗಿ ಭಾಷಾಂತರಿಸಿದವರಿಗೆ ತಿದ್ದಿ ಬರೆಯುವ ಹೊಣೆಯಿದೆ.